ಹಳೆ ಸಾಮಾನು ಆನ್‌ಲೈನ್‌ನಲ್ಲಿ ಮಾರುವಾಗ ಕೊಳ್ಳುವವನು ಮೋಸಗಾರನೋ ಅಲ್ಲವೋ ಅಂತ ತಿಳಿಯುವುದು ಹೇಗೆ?

ನೀವು ಮಾರಲು ಹಾಕಿರುವುದು ಹಳೆ ವಾಷಿಂಗ್ ಮಷಿನ್. ನಿಮ್ಮ ಪ್ರಶ್ನೆಯಲ್ಲಿ ಆ ಹೆಸರು ಇರುವ ಕಡೆ ಕಳೆ ಹೊಡೆಯುವ ಮಷಿನ್ ಅಂತ ಹಾಕಿದರೆ ಅದು ನನ್ನದೇ ಕಥೆ. ಕೊಳ್ಳಲು ಬಂದವನು ತಾನು ಮಿಲಿಟರಿಯವನು ಅನ್ನುತ್ತಾನೆ, ಸಾಮಾನು ನೋಡದೆ ಪೂರ್ತಿ ದುಡ್ಡು ಕೊಡುತ್ತೇನೆ ಅನ್ನುತ್ತಾನೆ, ಐಡಿ ಕಾರ್ಡಿನ ಫೋಟೊ ಕಳಿಸಿದ್ದಾನೆ, ಆ ಕಾರ್ಡು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಇದನ್ನು ಓದಿ ಮುಗಿಸುವ ತನಕ ಅವನು ಕಳಿಸಿದ ಯಾವುದನ್ನೂ ಸ್ಕ್ಯಾನ್ ಮಾಡಬೇಡಿ. ಸದ್ಯಕ್ಕೆ ಅಷ್ಟು ಸಾಕು. ಉಳಿದದ್ದು ನಿಧಾನಕ್ಕೆ ಹೇಳುತ್ತೇನೆ.

2023ರ ಜುಲೈ. ನಮ್ಮದು ಕೊಡಗಿನ ನಾಪೋಕ್ಲು ಕಡೆ. ಐದು ಎಕರೆ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕರಿಮೆಣಸು. ನಮ್ಮ ಮನೆಯವರಿಗೆ ಸೊಂಟ ನೋವು ಶುರುವಾದ ಮೇಲೆ ಬೆನ್ನಿಗೆ ಹಾಕಿಕೊಳ್ಳುವ ಕಳೆ ಮಷಿನ್ ಕೊಟ್ಟಿಗೆಯ ಮೂಲೆ ಸೇರಿತ್ತು. ಗುತ್ತಿಗೆಗೆ ಬರುವವರು ಈಗ ತಮ್ಮ ಮಷಿನ್ ತಾವೇ ತರುತ್ತಾರೆ. ಮಗಳ ಹಾಸ್ಟೆಲ್ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಕೊಟ್ಟಿಗೆಯಲ್ಲಿ ಇಲಿ ಪೆಟ್ರೋಲ್ ಪೈಪ್ ಕಡಿಯುವ ಮೊದಲು ಮಾರಿಬಿಡೋಣ ಅಂತ ನಾಲ್ಕು ಫೋಟೊ ತೆಗೆದು 14,000 ರೂಪಾಯಿ ಅಂತ ಹಾಕಿದೆ. ಮನೆಯಲ್ಲಿ ಫೋನ್ ವಿಷಯ ಗೊತ್ತಿರುವವಳು ನಾನು. ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್, ಮಾವನ ಪೆನ್ಶನ್ ಬಂತಾ ಅಂತ ನೋಡುವುದು, ಎಲ್ಲ ನನ್ನದೇ. ಈ ಜಂಬವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಎರಡು ದಿನ ಮೂರು ಜನ ಫೋನ್ ಮಾಡಿದರು. ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಹಗ್ಗ ಎಷ್ಟು ಸಲ ಎಳೆದರೆ ಸ್ಟಾರ್ಟ್ ಆಗುತ್ತದೆ? ಬ್ಲೇಡಿನ ಜೊತೆ ನೈಲಾನ್ ದಾರದ ತಲೆ ಇದೆಯಾ? ಕಾರ್ಬೊರೇಟರ್ ಯಾವಾಗ ಕ್ಲೀನ್ ಮಾಡಿಸಿದ್ದು? ಒಬ್ಬರಂತೂ ಫೋನಿನಲ್ಲೇ ಸ್ಟಾರ್ಟ್ ಮಾಡಿ ಸದ್ದು ಕೇಳಿಸಿ ಅಂದರು. ಎಲ್ಲ ಕೇಳಿ ಕೊನೆಗೆ ಎಂಟು ಸಾವಿರಕ್ಕೆ ಕೊಡ್ತೀರಾ ಅಂದರು. ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಮೂವರೂ ನಿಜವಾಗಿ ಕೊಳ್ಳಲು ಬಂದವರು.

ನಾಲ್ಕನೆಯವನು ಒಂದೂ ಪ್ರಶ್ನೆ ಕೇಳಲಿಲ್ಲ. ಐಟಂ ಇನ್ನೂ ಇದೆಯಾ ಅಂದ, ಇದೆ ಅಂದೆ. ಹದಿನಾಲ್ಕು ಸಾವಿರ ಓಕೆ ಅಂದ. ಕೊಡಗಿನಲ್ಲಿ ಚೌಕಾಸಿ ಮಾಡದೆ ಕೋಳಿ ಕೂಡ ಯಾರೂ ಕೊಳ್ಳುವುದಿಲ್ಲ. ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಸಮಾಧಾನ. ಅಬ್ಬಾ, ಒಬ್ಬ ಮರ್ಯಾದಸ್ಥ ಸಿಕ್ಕಿದ ಅಂತ.

ಸಂಜೆ ಫೋನ್ ಮಾಡಿದ. ಹಿಂದಿಯಲ್ಲಿ, ಬಹಳ ವಿನಯದಿಂದ. ಮೊದಲ ಮಾತೇ 'ಜೈ ಹಿಂದ್ ಮೇಡಂ'. ಈಗ ಮೈಸೂರಿನಲ್ಲಿ ಪೋಸ್ಟಿಂಗ್, ಯೂನಿಟ್ ಮೈದಾನದ ಹುಲ್ಲು ಹೊಡೆಯಲು ಮಷಿನ್ ಬೇಕು, ನಾಳೆ ಯೂನಿಟ್ ಗಾಡಿ ನಿಮ್ಮ ಕಡೆ ಬರುತ್ತದೆ, ದುಡ್ಡು ಇವತ್ತೇ ಹಾಕುತ್ತೇನೆ ಅಂದ. ನಾನು ಕೇಳದಿದ್ದರೂ ಐಡಿ ಕಾರ್ಡ್, ಮಿಲಿಟರಿ ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮ್ ಹಾಕಿ ನಿಂತ ಒಂದು ಫೋಟೊ ಕಳಿಸಿದ. ಗೇಟ್ ಪಾಸಿಗೆ ಬೇಕು ಅಂತ ನನ್ನ ಆಧಾರ್ ಫೋಟೊ ತೆಗೆದುಕೊಂಡ.

ಬೇರೆ ಜಿಲ್ಲೆಯವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಆದರೆ ಇಲ್ಲಿ ಮಿಲಿಟರಿ ಅಂದರೆ ಹೊರಗಿನ ಮಾತಲ್ಲ. ಮಡಿಕೇರಿಯ ಸರ್ಕಲ್‌ಗಳಲ್ಲಿ ಪ್ರತಿಮೆಯಾಗಿ ನಿಂತಿರುವವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ. ನಮ್ಮ ಮಾವ ಇಪ್ಪತ್ತೆರಡು ವರ್ಷ ಸೇವೆ ಮಾಡಿ ಹವಾಲ್ದಾರ್ ಆಗಿ ಬಂದವರು. 1949ರಲ್ಲಿ ಕಾರ್ಯಪ್ಪನವರು ಸೇನೆಯ ಅಧಿಕಾರ ವಹಿಸಿಕೊಂಡ ದಿನ ಅಂತ ಪ್ರತಿ ಜನವರಿ 15ಕ್ಕೆ ಬೆಳಿಗ್ಗೆಯೇ ಗಡ್ಡ ಬೋಳಿಸಿ, ಮೆಡಲ್ ಒರೆಸಿ ಇಟ್ಟುಕೊಂಡು ಕೂರುತ್ತಾರೆ. ಪಕ್ಕದ ಮನೆಯ ಹುಡುಗ ಕಾಶ್ಮೀರದಲ್ಲಿದ್ದಾನೆ. ಹೀಗಿರುವಾಗ 'ಜೈ ಹಿಂದ್' ಅಂದವನನ್ನು ನಿಲ್ಲಿಸಿ ನೀನು ಯಾರಪ್ಪ ಅಂತ ಕೇಳಲು ನಾಲಿಗೆಯೇ ಏಳುವುದಿಲ್ಲ. ಕೇಳಿದರೆ ನಮ್ಮ ಮಾವನಿಗೇ ಅವಮಾನ ಮಾಡಿದ ಹಾಗೆ. ಅವನಿಗೆ ನಾನು ಯಾವ ಊರಿನವಳು ಅಂತ ಜಾಹೀರಾತಿನಲ್ಲೇ ಕಾಣುತ್ತಿತ್ತು. ಕೊಡಗು ಅಂತ ನೋಡಿಯೇ ಆ ವೇಷ ಹಾಕಿದನೋ, ಎಲ್ಲರಿಗೂ ಅದೇ ವೇಷವೋ, ದೇವರೇ ಬಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಇದನ್ನು ಹೇಳಿದಾಗಲೆಲ್ಲ ಜನ 'ಅಯ್ಯೋ, ಪಿನ್ ಹೇಳಿಬಿಟ್ರಾ?' ಅನ್ನುತ್ತಾರೆ. ನಾನು ಪಿನ್ ಯಾರಿಗೂ ಹೇಳಲಿಲ್ಲ.

ಮಳೆ ಸುರಿಯುತ್ತಿತ್ತು, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮಾವ ಅಡುಗೆಮನೆಯ ಒಲೆ ಮುಂದೆ ಕೂತಿದ್ದರು. ನಮ್ಮಲ್ಲಿ ಟವರ್ ಸಿಗುವುದು ಕಾಫಿ ಕಣದ ಆ ತುದಿಯಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತೆ. ಅವನು ಹೇಳಿದ: ಮೇಡಂ, ಇದು ಸೇನೆಯ ಅಕೌಂಟು, ಮಾಮೂಲಿ ಅಕೌಂಟಿನ ಹಾಗಲ್ಲ, ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿದರೆ ದುಡ್ಡು ನಿಮಗೆ ಬರುತ್ತದೆ. ಮೊದಲು ಐದು ರೂಪಾಯಿ ಟೆಸ್ಟ್ ಮಾಡೋಣ, ನೀವು ಐದು ಹಾಕಿದರೆ ಹತ್ತು ಬರುತ್ತದೆ, ಅಂದ.

ಸ್ಕ್ಯಾನ್ ಮಾಡಿದೆ. ಪಿನ್ ಒತ್ತಿದೆ. ಐದು ರೂಪಾಯಿ ಹೋಯಿತು. ಮರುಗಳಿಗೆಯಲ್ಲಿ ಹತ್ತು ರೂಪಾಯಿ ಬಂತು.

ಅಲ್ಲೇ ನಾನು ಸಿಕ್ಕಿಬಿದ್ದೆ. ನನ್ನ ಐದು ಹೋಗಿದ್ದು ನಾನು ಕೊಟ್ಟಿದ್ದರಿಂದ. ಹತ್ತು ಬಂದದ್ದು ಅವನು ಬೇರೆಯಾಗಿ, ತನ್ನ ಕೈಯಾರೆ ಕಳಿಸಿದ್ದರಿಂದ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡೂ ಒಂದರ ಹಿಂದೆ ಒಂದು ನಡೆದರೆ, 'ಸ್ಕ್ಯಾನ್ ಮಾಡಿದ್ದಕ್ಕೆ ಬಂತು' ಅಂತಲೇ ತಲೆ ಲೆಕ್ಕ ಹಾಕುತ್ತದೆ. ಹತ್ತು ರೂಪಾಯಿ ಖರ್ಚು ಮಾಡಿ ಅವನು ನನಗೆ ಒಂದು ಸುಳ್ಳು ಪಾಠ ಕಲಿಸಿದ. ನಾನು ಚೆನ್ನಾಗಿ ಕಲಿತೆ.

ಮುಂದಿನ ಕೋಡ್ 7,000ದ್ದು. ಸ್ಕ್ಯಾನ್ ಮಾಡಿದರೆ ಹದಿನಾಲ್ಕು ಬರಬೇಕು. ಸ್ಕ್ರೀನ್ ಮೇಲೆ 'ಪೇ' ಅಂತ ದೊಡ್ಡದಾಗಿ ಇಂಗ್ಲಿಷಿನಲ್ಲಿ ಇತ್ತು. ಮೇಲೆ ಬಂದ ಹೆಸರೂ ಕಾರ್ಡಿನಲ್ಲಿದ್ದ ಹೆಸರಲ್ಲ. ಅದು ನಮ್ಮ ಅಕೌಂಟೆಂಟ್ ಹೆಸರು ಅಂದ. ಪಿನ್ ಒತ್ತಿದೆ. ಹದಿನಾಲ್ಕು ಬರಲಿಲ್ಲ. ಕೇಳಿದರೆ, ಮೇಡಂ ನೀವು ರಿಮಾರ್ಕ್ಸ್ ಬರೆಯಲಿಲ್ಲ, ಅದಕ್ಕೇ ದುಡ್ಡು ಮಧ್ಯದಲ್ಲಿ ನಿಂತಿದೆ, ಈಗ 14,000ದ ಕೋಡ್ ಹಾಕುತ್ತೇನೆ, ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ, ಲೈನ್ ಕಟ್ ಮಾಡಬೇಡಿ, ಕಟ್ ಮಾಡಿದರೆ ಅಷ್ಟೂ ಹೋಗುತ್ತದೆ ಅಂದ. ಆಗ ಅವನ ದನಿಯಲ್ಲಿ ವಿನಯ ಇರಲಿಲ್ಲ, ಗದರಿಕೆ ಇತ್ತು. ಮತ್ತೆ ಒತ್ತಿದೆ.

ಮೊದಲ ಏಳು ಸಾವಿರ ಅವನು ಹೊಡೆದದ್ದು. ಆಮೇಲಿನ ಹದಿನಾಲ್ಕು ಸಾವಿರ ನಾನೇ ಕೊಟ್ಟದ್ದು. ಹೋದ ದುಡ್ಡನ್ನು ಹಿಡಿಯಲು ಇರುವ ದುಡ್ಡನ್ನೂ ಹಿಂದೆ ಓಡಿಸಿದೆ. ಒಟ್ಟು 21,000. ಟೆಸ್ಟಿನಲ್ಲಿ ಐದು ರೂಪಾಯಿ ಲಾಭ ಬಂದದ್ದು ಕಳೆದರೆ 20,995.

ಪಿನ್ ಯಾರಿಗೂ ಹೇಳಬೇಡಿ, ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ನೂರು ಸಲ ಹೇಳಿದ್ದರು. ಆ ಮಾತನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದೆ. ಕಣದಲ್ಲಿ ಒಬ್ಬಳೇ ನಿಂತಿದ್ದರೂ ಕೊಡೆ ಓರೆ ಮಾಡಿ, ಸ್ಕ್ರೀನ್ ಮರೆ ಮಾಡಿ ಒತ್ತಿದ್ದೆ! ಯಾರೂ ನನಗೆ ಹೇಳದೆ ಬಿಟ್ಟ ಮಾತು ಇನ್ನೊಂದಿತ್ತು. ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸವೇ ಇಲ್ಲ. ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೆ ಯಾರು ಬೇಕಾದರೂ ದುಡ್ಡು ಕಟ್ಟಬಹುದು, ನಿಮ್ಮ ಸಹಿ ಬೇಡ. ತೆಗೆಯಬೇಕಾದರೆ ನಿಮ್ಮ ಸಹಿಯೇ ಬೇಕು. ಯುಪಿಐ ಪಿನ್ ಅಂದರೆ ಆ ಸಹಿ. ಸ್ಕ್ಯಾನ್ ಮಾಡುವುದೂ ಹಾಗೆಯೇ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ಗಿರಾಕಿಯೇ ಹೊರತು ಅಂಗಡಿಯವನಲ್ಲ, ಅಲ್ವಾ? ದಿನಾ ನೋಡುತ್ತಿದ್ದೆ. ಮಾರುವವಳು ನಾನು, ನಾನು ಯಾಕೆ ಸ್ಕ್ಯಾನ್ ಮಾಡುತ್ತಿದ್ದೇನೆ ಅಂತ ಆ ಹತ್ತು ನಿಮಿಷ ಹೊಳೆಯಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಮಾವ ಕೇಳಿದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು.

'ಯಾವ ಯೂನಿಟ್ ಅಂದ?'

'ಕೇಳಲಿಲ್ಲ ಮಾವ.'

'ನೋಡಮ್ಮಾ, ನಾನು ಇಪ್ಪತ್ತೆರಡು ವರ್ಷ ಆ ಕಾರ್ಡ್ ಇಟ್ಟುಕೊಂಡಿದ್ದೆ. ನಿನ್ನ ಅತ್ತೆಗೂ ಅದರ ಫೋಟೊ ಕಳಿಸಿಲ್ಲ. ಯಾರಾದರೂ ಪರಿಚಯ ಇಲ್ಲದವರಿಗೆ ಕಳಿಸುತ್ತಾರಾ? ಹುಲ್ಲು ಹೊಡೆಯುವ ಮಷಿನ್ ಯೂನಿಟ್‌ಗೆ ಬೇಕಾದರೆ ನಿನ್ನ ಕೊಟ್ಟಿಗೆಗೆ ಯಾಕೆ ಬರುತ್ತಾರೆ?'

ಇಷ್ಟು ಕೇಳಲು ನಾನು ಕಣದಿಂದ ಅಡುಗೆಮನೆಗೆ ನಲವತ್ತು ಹೆಜ್ಜೆ ನಡೆಯಬೇಕಿತ್ತು. ಫೋನ್ ವಿಷಯ ಮಾವನಿಗೆ ಏನು ಗೊತ್ತು ಅಂತ ನಡೆಯಲಿಲ್ಲ. ಆ ಜಂಬ ಅಂದೆನಲ್ಲ, ಅದು ಇಲ್ಲಿ ಬಂತು.

ಇನ್ನು ನಿಮ್ಮ ಪ್ರಶ್ನೆ. ಕಾರ್ಡು ಅಸಲಿಯಾ ಅಂತ ಪತ್ತೆ ಮಾಡುವ ಉಪಾಯ ನಾನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾರ್ಡು ಅಸಲಿಯೇ ಇರಬಹುದು. ಯಾರೋ ಪಾಪದ ನಿಜವಾದ ಸೈನಿಕನ ಕಾರ್ಡು ಎಲ್ಲಿಂದಲೋ ಇವರ ಕೈಗೆ ಸಿಕ್ಕಿರುತ್ತದೆ, ಅದನ್ನೇ ಊರಿಗೆಲ್ಲ ತೋರಿಸುತ್ತಾರೆ. ನನ್ನ ಆಧಾರ್ ಕೂಡ ಈಗ ಎಲ್ಲಿ ಯಾರಿಗೆ 'ನಂಬಿ' ಅಂತ ತೋರಿಸಲು ಹೋಗಿದೆಯೋ ಅಂತ ನೆನೆದರೆ ಹೊಟ್ಟೆ ತೊಳಸುತ್ತದೆ. ಯೂನಿಟ್ ಕೇಳಿ, ರ‍್ಯಾಂಕ್ ಕೇಳಿ, ವಿಡಿಯೊ ಕಾಲ್ ಮಾಡಿ ಅಂತ ಹೇಳುವವರಿದ್ದಾರೆ. ದಿನವಿಡೀ ಇದೇ ಕೆಲಸ ಮಾಡುವವನು ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರುತ್ತಾನೆ. ನೀವು ವರ್ಷಕ್ಕೊಂದು ಸಾಮಾನು ಮಾರುವವರು. ಮನುಷ್ಯನನ್ನು ಅಳೆಯುವ ಆಟದಲ್ಲಿ ಗೆಲ್ಲುವುದು ಅವನೇ. ಆ ಆಟಕ್ಕೆ ಇಳಿಯಲೇಬೇಡಿ.

ದುಡ್ಡು ಹೇಗೆ ಬರುತ್ತದೆ ಅನ್ನುವುದನ್ನು ಮಾತ್ರ ನೋಡಿ. ಬಂದು, ಸಾಮಾನು ನೋಡಿ, ಕೈಯಲ್ಲಿ ನೋಟು ಕೊಡಬಹುದು. ಇಲ್ಲವಾದರೆ ನಿಮ್ಮ ಕೋಡನ್ನು ಅವನು ಸ್ಕ್ಯಾನ್ ಮಾಡಿ ಹಾಕಬಹುದು, ನೀವು ನಿಮ್ಮ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ ಆಮೇಲೆ ಸಾಮಾನು ಕೊಡಬಹುದು. ಬ್ಯಾಲೆನ್ಸ್ ನೋಡಲು ಆ್ಯಪ್ ಪಿನ್ ಕೇಳಿದರೆ ಗಾಬರಿಯಾಗಬೇಡಿ, ಅದು ನೀವೇ ತೆಗೆದ ಪುಟ. ಅವನು ಕಳಿಸಿದ ಕೋಡು, ಲಿಂಕು ಎರಡಕ್ಕೂ ಕೈ ಹಚ್ಚಬೇಡಿ. ಪಾಪ, ನಿಜವಾದ ಸೈನಿಕನಾಗಿದ್ದರೆ ಅಂತ ನಿಮಗೆ ಅನ್ನಿಸಬಹುದು. ನಿಜವಾದ ಸೈನಿಕನೂ ಅಂಗಡಿಯಲ್ಲಿ ಟೀ ಕುಡಿದು ನಮ್ಮ ಹಾಗೆಯೇ ದುಡ್ಡು ಹಾಕುತ್ತಾನೆ. ಅವನಿಗೆ ಬೇರೆ ವಿಧಾನ ಇಲ್ಲ. ಬೇರೆ ವಿಧಾನ ಇದೆ ಅಂದ ಕ್ಷಣವೇ ಫೋನ್ ಇಡಿ. ವಿವರಣೆ ಕೊಡಬೇಕಾಗಿಲ್ಲ.

ಇದೇ ಮೋಸಕ್ಕೆ ಇನ್ನೂ ನಾಲ್ಕು ಅಂಗಿ ಇವೆ. 5,000ದ ಬದಲು 50,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ ಅನ್ನುತ್ತಾರೆ, ಸಾಕ್ಷಿಗೆ ಬ್ಯಾಂಕಿನದೇ ಅನ್ನುವ ಹಾಗೆ ಒಂದು ಮೆಸೇಜೂ ಬರುತ್ತದೆ. ಆ ಮೆಸೇಜು ಹೆಚ್ಚಾಗಿ ಮಾಮೂಲಿ ಹತ್ತಂಕಿಯ ನಂಬರಿನಿಂದ ಬಂದಿರುತ್ತದೆ. ಸಾಗಿಸುವ ಖರ್ಚಿಗೆ ಮೊದಲು 500 ಹಾಕಿ ಅನ್ನುವವರಿದ್ದಾರೆ. ಸಹಾಯ ಮಾಡುತ್ತೇನೆ ಅಂತ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರಿದ್ದಾರೆ. ಎದುರಿಗಿರುವವರಿಂದ ದುಡ್ಡು ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಅನ್ನುವುದೊಂದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಒಳ್ಳೆಯದಾಯಿತು. ನನಗೆ ಮೋಸ ಆದದ್ದು ಕೋಡಿನಲ್ಲಿ, ಅದು ಇವತ್ತೂ ಹಾಗೆಯೇ ಕೆಲಸ ಮಾಡುತ್ತದೆ.

ಈಗಾಗಲೇ ದುಡ್ಡು ಹಾಕಿಬಿಟ್ಟಿದ್ದರೆ ಇದನ್ನು ಬಿಟ್ಟು ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವರು ವಿವರ ತೆಗೆದುಕೊಂಡು ಬ್ಯಾಂಕುಗಳಿಗೆ ತಿಳಿಸುತ್ತಾರೆ, ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ತಡೆ ಹಿಡಿಯುತ್ತಾರೆ. ನಾನು ನಾಚಿಕೆಯಿಂದ ರಾತ್ರಿ ಕಳೆದು ಮರುದಿನ ಬೆಳಿಗ್ಗೆ ಮಾಡಿದೆ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹೋಗಿ ನೋಟಾಗಿ ಹೊರಗೆ ಬಂದಿತ್ತು. ಮಡಿಕೇರಿಗೆ ಹೋಗಿ ಸೈಬರ್ ಪೊಲೀಸರಿಗೆ ದೂರು ಕೊಟ್ಟೆ, ಚಾಟ್, ನಂಬರು, ವಹಿವಾಟಿನ ನಂಬರು ಎಲ್ಲ ಪ್ರಿಂಟ್ ಮಾಡಿಸಿ ಕೊಟ್ಟೆ. ಸಿಟ್ಟಿಗೆ ಚಾಟ್ ಡಿಲೀಟ್ ಮಾಡಬೇಡಿ. ಬ್ಯಾಂಕಿನಲ್ಲಿ, ಪಿನ್ ನೀವೇ ಒತ್ತಿದ್ದೀರಲ್ಲ ಅಂದರು. ಆಗ ಇದ್ದ ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲೂ ಗ್ರಾಹಕರ ಅಜಾಗರೂಕತೆಯಿಂದ ಹೋದ ದುಡ್ಡಿಗೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ ಆಗಿತ್ತು. ತಿಳಿಸಿದ ಮೇಲೆ ಹೋದರೆ ಮಾತ್ರ ಬ್ಯಾಂಕಿನದು ಅಂತಿತ್ತು. ಅದಕ್ಕೇ 1930ರ ಜೊತೆಗೆ ಬ್ಯಾಂಕಿಗೂ ಕೂಡಲೇ ಹೇಳಬೇಕು. ನನಗೆ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ನನ್ನನ್ನು ಕೇಳಿದರೆ ಇಂಥ ಸಾಮಾನನ್ನು ಆನ್‌ಲೈನ್‌ಗೆ ಹಾಕಲೇಬೇಡಿ. ನಿಮ್ಮ ವಾಷಿಂಗ್ ಮಷಿನ್ ರಿಪೇರಿ ಮಾಡುವ ಹುಡುಗ ಇದ್ದಾನಲ್ಲ, ಅವನಿಗೆ ಹೇಳಿ. ಯಾರ ಮನೆಯಲ್ಲಿ ಕೆಟ್ಟಿದೆ, ಯಾರು ಹಳೆಯದನ್ನು ಹುಡುಕುತ್ತಿದ್ದಾರೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸಾವಿರ ರೂಪಾಯಿ ಕಡಿಮೆ ಸಿಗುತ್ತದೆ, ಸಿಗಲಿ. ನನ್ನ ಮಷಿನ್ ಹೋದದ್ದೂ ಹಾಗೆಯೇ. ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ಕಳೆ ಮಷಿನ್ ರಿಪೇರಿ ಅಂಗಡಿಯಲ್ಲಿ ಒಂದು ಮಾತು ಹೇಳಿ ಬಂದೆ. ಮಳೆ ಬಿಟ್ಟು, ಸೆಪ್ಟೆಂಬರಿನಲ್ಲಿ ತೋಟಗಳಲ್ಲಿ ಕಳೆ ಕೆಲಸ ಶುರುವಾಗುವ ಹೊತ್ತಿಗೆ ಕಕ್ಕಬ್ಬೆ ಕಡೆಯವರೊಬ್ಬರು ಜೀಪಿನಲ್ಲಿ ಬಂದರು.

ಮಾವ ಜಗಲಿಯಲ್ಲಿ ಕೂತಿದ್ದರು. ಯಾರ ಮನೆ, ಯಾವ ಕಡೆ ತೋಟ, ಅಪ್ಪನ ಹೆಸರೇನು ಅಂತ ಹೆಣ್ಣು ಕೊಡುವವರ ಹಾಗೆ ವಿಚಾರಿಸಿದರು. ಬಂದವರು ಹಗ್ಗ ಮೂರು ಸಲ ಎಳೆದರು, ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಪ್ಲಗ್ ಬಿಚ್ಚಿ ನೋಡಿದರು. ಪೆಟ್ರೋಲ್ ಪೈಪಿಗೆ ಇಲಿ ಹಲ್ಲು ಹಚ್ಚಿತ್ತು, ಅದನ್ನು ತೋರಿಸಿದರು. ಎರಡು ಕಾಫಿ ಆಗುವಷ್ಟು ಹೊತ್ತು ಚೌಕಾಸಿ ನಡೆದು 10,500ಕ್ಕೆ ನಿಂತಿತು.

'ಫೋನಿನಲ್ಲೇ ಹಾಕಲಾ ಅಕ್ಕ?' ಅಂದರು.

ನಮ್ಮ ಕೋಡ್ ಹಾಳೆ ತಂದು ಜಗಲಿಯ ಮೇಲಿಟ್ಟೆ. ಕರೆದುಕೊಂಡು ಹೋಗಿ ಕಣದ ತುದಿಯಲ್ಲಿ ನಿಲ್ಲಿಸಿದೆ, ಅಲ್ಲಿ ತಾನೇ ಟವರ್. ಅವರು ಸ್ಕ್ಯಾನ್ ಮಾಡಿದರು, ಅವರು ಪಿನ್ ಒತ್ತಿದರು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ದುಡ್ಡು ಬಂತು.

ಮಷಿನನ್ನು ಜೀಪಿಗೆ ಏರಿಸಿದ ಮೇಲೆ ಬೆಲ್ಟಿನ ಪ್ಯಾಡ್ ಹರಿದಿದೆ ಅಂತ ಕಂಡಿತಂತೆ. ಇಳಿದು ಬಂದು 200 ರೂಪಾಯಿ ವಾಪಸ್ ಕೇಳಿದರು. ಒಳಗೆ ಹೋಗಿ ನೋಟು ತಂದು ಕೊಟ್ಟೆ.